ಹಿಡಿದರೆ ಬಿಡದ ಕೈ

ಚಳಿ ಬಿದ್ದ ಬೆಳಗ್ಗೆ ಚೊಂಬು ಎತ್ತಿದರೆ ನನ್ನ ಹೆಬ್ಬೆರಳು ಅದನ್ನು ಒಡನೆ ಬಿಡುವುದಿಲ್ಲ. ಡಾಕ್ಟರು ಇದು ವಂಶದಿಂದ ಬಂದ ಅಪರೂಪದ ಕಾಯಿಲೆ ಎನ್ನುತ್ತಾರೆ. ಅಪರೂಪವಂತೆ! ನಮ್ಮ ಮನೆಯಲ್ಲಿ ಮೂವರಿಗಿತ್ತು, ಮೂವರಿಗೂ ಬೇರೆ ಬೇರೆ ಥರ. ಕೊಂಕಲ್‌ನಲ್ಲಿ ಕುರಿ ಸಾಕಿಕೊಂಡಿದ್ದ ಅಪ್ಪನಿಗೆ ಕಾಲು ಹಿಡಿಯುತ್ತಿತ್ತು. ಕೂತವನು ದಿಢೀರನೆ ಎದ್ದರೆ ಕೊರಡಿನ ಹಾಗೆ ಬೀಳುತ್ತಿದ್ದ. ಅಕ್ಕನಿಗೆ ಎರಡೂ ಕೈ. ಏನು ಹಿಡಿದರೂ ಬೆರಳು ಬಿಚ್ಚುವುದಕ್ಕೆ ಹೊತ್ತು ಬೇಕು. ನನಗೆ ಈ ಒಂದು ಹೆಬ್ಬೆರಳು, ಅದೂ ಚಳಿಯಲ್ಲಿ ಮಾತ್ರ. ನನ್ನ ಪಾಲಿಗೆ ಇಷ್ಟೇ ಯಾಕೆ ಬಂತೋ, ದೇವರೇ ಬಲ್ಲ.

ಅಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಎದ್ದ ಕೂಡಲೇ ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುವುದು. ಮೊದಲ ಹತ್ತು ಸುತ್ತು ಕಷ್ಟ, ಆಮೇಲೆ ಕೈ ಸಲೀಸು. ಎದುರಿಗೆ ನಾನು. "ಜೋರ್ಲೆ ತಿರುವು, ನಿದ್ದಿ ಮಾಡಾಕತ್ತೀಯೇನ?" ಎಂದು ಗದರುತ್ತಿದ್ದಳು. ಆ ಗದರಿಕೆ ಇನ್ನೊಂದೇ ಸಲ ಕಿವಿಗೆ ಬಿದ್ದರೆ ಸಾಕು, ಮತ್ತೇನೂ ಬೇಡ ನನಗೆ.

ನಿಜಾಮನ ಆಳ್ವಿಕೆ ಮುಗಿದು, ನಮ್ಮ ಸೀಮೆ ಮೈಸೂರಿಗೆ ಸೇರುತ್ತದಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ರಂಗಂಪೇಟೆಯವರು ಅಕ್ಕನನ್ನು ನೋಡಲು ಬಂದರು. ಹುಡುಗ ಸುರಪುರದ ಕಚೇರಿಯಲ್ಲಿ ಜವಾನ, ಅಕ್ಕನಿಗೂ ಮನಸ್ಸಿತ್ತು. ಅವ್ವನೋ, "ಇವತ್ತ ಕಲ್ಲು ಮುಟ್ಟಬ್ಯಾಡ. ನೋಡಾಕ ಬರೋ ದಿನ ಹುಡುಗಿ ಕೆಲಸ ಮಾಡ್ತಾಳೇನು?" ಎಂದು ಹೊಸ ಸೀರೆ ಉಡಿಸಿ, ಬೆಳಗಿನಿಂದ ಸುಮ್ಮನೆ ಕೂರಿಸಿದಳು. ಅಕ್ಕ ಎಲೆ-ಅಡಿಕೆಯ ತಟ್ಟೆ ನೀಡಿದಳು. ಹುಡುಗನ ತಾಯಿ ತೆಗೆದುಕೊಳ್ಳಲು ಹೋದರೆ ತಟ್ಟೆ ಬರಲಿಲ್ಲ. ಎಳೆದರು. ಅಡಿಕೆಯೆಲ್ಲ ಚೆಲ್ಲಾಪಿಲ್ಲಿ.

"ಏನವ್ವ, ಕೊಡಾಕ ಮನಸಿಲ್ಲೇನು?" ಎಂದು ನಕ್ಕರು. ಸೆಟೆದ ಬೆರಳು ಕಂಡ ಮೇಲೆ ನಗಲಿಲ್ಲ, ಎದ್ದು ಹೋದರು. ಸುದ್ದಿ ಶಹಾಪುರದವರೆಗೂ ಮುಟ್ಟಿತು. ಮುಂದೆ ಅಕ್ಕನನ್ನು ಯಾರೂ ಕೇಳಿಕೊಂಡು ಬರಲಿಲ್ಲ. ನಾನಂತೂ ಖುಷಿಪಟ್ಟೆ, ಅಕ್ಕ ನನಗೇ ಉಳಿದಳೆಂದು. ಎಂಥ ಹುಚ್ಚಿ ನಾನು!

ನಾಲ್ಕು ವರ್ಷದ ಮೇಲೆ ಯಾದಗಿರಿಯಿಂದ ನನ್ನನ್ನು ನೋಡಲು ಬಂದರು. ಅವತ್ತು ಅಕ್ಕ ಅವ್ವನ ಮಾತು ಕೇಳದೆ, ನನ್ನನ್ನು ಕಲ್ಲಿನ ಮುಂದೆ ಕೂರಿಸಿ ಬೀಸಿಸಿದಳು. ಆಮೇಲೆ ತಾನೇ ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಕೈಯಿಂದ ತಟ್ಟೆ ಸಲೀಸಾಗಿ ದಾಟಿತು.

"ಅಕ್ಕ-ತಂಗೇರು ಅದಾರೇನವ್ವ?" ಎಂದು ಹುಡುಗನ ತಾಯಿ ಕೇಳಿದರು. ಅವ್ವ ನೆಲ ನೋಡಿದಳು.

"ಇಲ್ರಿ. ನಾ ಒಬ್ಬಾಕಿನ," ಎಂದೆ.

ಅವರು ಹೋದ ಮೇಲೆ ಕೋಣೆಯ ಬಾಗಿಲು ತೆಗೆದೆ. ಅಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು, ಎಲ್ಲ ಕೇಳಿಸಿತ್ತು.

"ಛಲೋ ಹೇಳಿದಿ ಬಿಡು," ಎಂದಳು. "ಒಪ್ಪಿದ್ರಲ್ಲ?"

ಹೂಂ ಎಂದು ತಲೆಯಾಡಿಸಿ ಅವಳ ಕೈ ಹಿಡಿದುಕೊಂಡೆ.