ಹೊತ್ತು ಮುಳುಗುವವರೆಗಿನ ಎಣಿಕೆ

ತೊಂಬತ್ತರ ದಶಕದ ಒಂದು ಮಳೆಗಾಲ ಪೂರ್ತಿ ನಮ್ಮ ಅಪ್ಪ ನಿಪ್ಪಾಣಿಯ ಹೆದ್ದಾರಿ ಬದಿಯ ಚಹಾದ ಅಂಗಡಿಯಲ್ಲಿ ಕೂತು ಕಾರು ಎಣಿಸಿದರು. ಎಲ್ಲ ಕಾರುಗಳನ್ನಲ್ಲ. ಲಾರಿಯ ಮೇಲೆ ಏರಿ ಕೊಲ್ಲಾಪುರದ ಕಡೆಗೆ ಹೋಗುತ್ತಿದ್ದ, ಬ್ಯಾಟರಿಯಿಂದ ಓಡುವ ಒಂದು ಹೊಸ ನಮೂನೆಯ ಪುಟ್ಟ ಕಾರನ್ನು ಮಾತ್ರ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ. ನಮ್ಮದು ತಂಬಾಕಿನ ಮೂಟೆ ಕೂಡಿಡುವ ವಖಾರಿ. ಎಲೆಯ ಧೂಳು ಅವನ ಎದೆಗೆ ಇಳಿದಿತ್ತು. ಬೇರೆ ದಂಧೆ ನೋಡಿಕೊಳ್ಳದಿದ್ದರೆ ಬಹಳ ದಿನ ಇರಲಾರ ಎಂದು ಮಿರಜದ ಡಾಕ್ಟರು ಮುಖಕ್ಕೇ ಹೇಳಿದ್ದರು. ಆ ಕಾರಿನ ಏಜೆನ್ಸಿ ಹಿಡಿಯಬೇಕೆಂದು ಅಣ್ಣ ಹಟ ಹಿಡಿದ. ಹೊಗೆಯಿಲ್ಲ, ಧೂಳಿಲ್ಲ. ಬೇಕಾದಷ್ಟು ಕಾರು ತಯಾರಾಗುತ್ತಿವೆ ಎಂದು ಕಂಪನಿಯವರು ಹೇಳಿ ಹೋಗಿದ್ದರು. ಅಪ್ಪ ಬಾಯಿಮಾತು ನಂಬುವವರಲ್ಲ. ನಿಂತ ಬೆಳೆಯ ಸುತ್ತ ಒಮ್ಮೆ ನಡೆದು ಎಷ್ಟು ಮೂಟೆ ತಂಬಾಕು ಬರುತ್ತದೆಂದು ಹೇಳುವವರು ಅವರು, ಆ ಜಂಬವೂ ಇತ್ತು.

“ರಸ್ತೇದಾಗ ಎಷ್ಟು ಹೊಂಟಾವ ನೋಡಿದ್ರ, ಎಷ್ಟು ತಯಾರಾಗಾಕತ್ತಾವ ತಿಳೀತೈತಿ,” ಎಂದರು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವಂತಿಲ್ಲ. ಹಾಗಾಗಿ ಬಿಸಿಲು ಇಳಿಯುತ್ತಿದ್ದಂತೆ ಅಪ್ಪ ಎದ್ದು ಊಟಕ್ಕೆ ಬರುತ್ತಿದ್ದರು. ಆಮೇಲೆ ರಸ್ತೆಗೆ ಹೋಗುತ್ತಿರಲಿಲ್ಲ. ಹಗಲಲ್ಲಿ ಕಂಡಷ್ಟೇ ರಾತ್ರಿಯೂ ಹೋಗಿರುತ್ತವೆ ಎಂದು ಲೆಕ್ಕವನ್ನು ಇಮ್ಮಡಿ ಮಾಡುತ್ತಿದ್ದರು. ಅಣ್ಣ ಊಟ ಬಿಟ್ಟು ಅದನ್ನೇ ಕೇಳುತ್ತ ಕೂರುತ್ತಿದ್ದ. ಒಂದು ದಿನ ಲಾರಿ ಚಹಾಕ್ಕೆ ನಿಂತಾಗ, ಅಪ್ಪ ಖುಷಿಯಾಗಿ ಮುಂದಿನ ಕಾರಿನ ವೈಪರಿಗೆ ಚೆಂಡು ಹೂವಿನ ಸರ ಕಟ್ಟಿದರು. ಮೂಟೆ ಹೊಲಿಯುವ ಸುತಳಿಯಿಂದ, ತಮ್ಮದೇ ಜೋಡಿಗಂಟು ಹಾಕಿ.

ಕಾರು ನಿಲ್ಲಿಸಲೆಂದು ವಖಾರಿ ಖಾಲಿಯಾಯಿತು. ಮೂಟೆಗಳು ಹಿತ್ತಲಿನ ತಗಡಿನ ಶೆಡ್ಡಿಗೆ ಹೋದವು. ಗೋಡೆಗೆ ಸುಣ್ಣ ಬಿತ್ತು. ಅಣ್ಣನ ಕೆಮ್ಮು ಅಷ್ಟಕ್ಕೇ ಕಡಿಮೆಯಾಗಿತ್ತು.

ಅನಂತ ಚತುರ್ದಶಿ ಬಂತು. ಅಪ್ಪನದು ನಿರಾಹಾರ ಉಪವಾಸ. ಊಟದ ಗೊಡವೆ ಇಲ್ಲದ್ದರಿಂದ ಅಂದು ಸಂಜೆಯಾದರೂ ಏಳಲಿಲ್ಲ. ಕರೆದುಕೊಂಡು ಬಾ ಎಂದು ಅವ್ವ ನನ್ನನ್ನು ಕಳಿಸಿದಳು. ನಾನು ಹೋಗುವ ಹೊತ್ತಿಗೆ ಅಂಗಡಿಯಲ್ಲಿ ದೀಪ ಹಚ್ಚಿದ್ದರು. ಕೊಲ್ಲಾಪುರದ ಕಡೆಯಿಂದ ಒಂದು ಲಾರಿ ಬಂದು ನಿಂತಿತು. ಮೇಲೆ ಅವೇ ಪುಟ್ಟ ಕಾರುಗಳು. ಮುಂದಿನದರ ವೈಪರಿನಲ್ಲಿ ಹೂವು ಉದುರಿ ಸುತಳಿಯಷ್ಟೇ ಉಳಿದಿತ್ತು. ಅಪ್ಪ ಲಾರಿ ಹತ್ತಿ ಆ ಜೋಡಿಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ವಾಪಸ್ ಯಾಕ ಹೊಂಟಾವೋ ತಮ್ಮಾ?”

“ಇವನ್ನ ಊರೂರಿಗೆ ತೋರಿಸ್ಕೋತ ತಿರಗೂದ್ರಿ ಯಜಮಾನ್ರ,” ಎಂದ ಡ್ರೈವರ್. “ಹಗಲಿ ಹೋಗೂದು, ರಾತ್ರಿ ಬರೂದು. ಇವು ಬಿಟ್ರ ಬ್ಯಾರೆ ಕಾರ ಎಲ್ಲ್ಯಾವ್ರಿ? ಇನ್ನ ಕಾರಖಾನಿನ ಸುರು ಆಗಿಲ್ಲ.”

ಅಪ್ಪ ಲಾರಿಯಿಂದ ಇಳಿದು ಮನೆಯ ಕಡೆ ಹೊರಟರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಇಂದಿಗೂ ಆ ಸಂಜೆ ನೆನೆದರೆ ನನ್ನಲ್ಲಿ ಏನೂ ಅಲುಗುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು.

ಮನೆಯಲ್ಲಿ ಅಣ್ಣ ಹೊಸ್ತಿಲಲ್ಲೇ ಕಾಯುತ್ತಿದ್ದ. “ಇವತ್ತ ಎಷ್ಟು ಹೋದ್ವ್ರಿ ಅಪ್ಪಾ?” ಎಂದ. ಅಪ್ಪ ಕಂಡದ್ದನ್ನು ಕಂಡಂತೆ ಹೇಳಿದರು. ವ್ರತದ ದಿನ, ಸುಳ್ಳು ಹೇಳುವ ಹಾಗಿರಲಿಲ್ಲ. ಅಣ್ಣ ತಲೆಯಾಡಿಸಿ ಒಳಗೆ ಹೋದ.

ಮರುದಿನ ಪಾರಣೆ ಮುಗಿಸಿ ಅಪ್ಪ ಹಿತ್ತಲಿಗೆ ಹೋದರು. ಶೆಡ್ಡಿನ ಬಾಗಿಲು ಆಗಲೇ ತೆರೆದಿತ್ತು. ಅಣ್ಣ ಮೂಗಿಗೆ ಟವೆಲ್ ಕಟ್ಟಿಕೊಂಡು, ಒಂದು ಮೂಟೆ ಹೆಗಲಿಗೇರಿಸಿ ನಿಂತಿದ್ದ.

“ವಖಾರ್ಯಾಗ ಯಾ ಗ್ವಾಡಿ ಕಡೆ ಇಡೂಣ್ರಿ ಅಪ್ಪಾ?” ಎಂದು ಕೇಳಿದ.