ವೆಂಡೆಲ್ ಪ್ರೂಸಾಕ್‌ನ ಉತ್ತರದ ಗೋಡೆ

ವೆಂಡೆಲ್ ಪ್ರೂಸಾಕ್ ಬೀದಿಯಲ್ಲಿ ಹೊರಟರೆ ಮನುಷ್ಯರಿಗಿಂತ ಮೊದಲು ಗೋಡೆಗಳನ್ನು ಮಾತಾಡಿಸುತ್ತಿದ್ದ. ವಿಸ್ಕಾನ್ಸಿನ್‌ನ ನಮ್ಮ ಈ ಸಣ್ಣ ಊರಿನಲ್ಲಿ ನಲವತ್ತು ವರ್ಷ ಮನೆಗಳ ಹೊರಮೈಗೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಹೊದಿಸಿದವನು ಅವನು. "ನಾನಿಲ್ದೇ ಹೋಗಿದ್ರೆ ಈ ಊರು ಬರೀ ಮೈಯಲ್ಲಿ ನಿಂತಿರ್ತಿತ್ತು" ಅನ್ನುವುದು ಅವನ ಮಾತು. ಅಂಚೆ ಹಂಚುವ ನಾನು ಅದನ್ನು ವಾರಕ್ಕೆರಡು ಸಲವಾದರೂ ಕೇಳಿದ್ದೇನೆ. ನಿವೃತ್ತನಾದ ಮೇಲೂ ಯಾರ ಮನೆಯ ಪಟ್ಟಿ ಸಡಿಲವಾಗಿರಲಿ, ಕರೆಯದೆಯೇ ಹೋಗಿ ತಟ್ಟಿ ಕೂರಿಸಿ ಬರುತ್ತಿದ್ದ.

ಅಂಥವನ ಸ್ವಂತ ಮನೆಯ ಗೋಡೆಯೇ ಕಳೆದ ಅಕ್ಟೋಬರಿನಲ್ಲಿ ಕರಗಿತು.

ಉತ್ತರದ ಗೋಡೆ. ಅವನ ತಲೆಗಿಂತ ಒಂದು ಗೇಣು ಮೇಲೆ ನಾಲ್ಕು ಪಟ್ಟಿಗಳು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಮಿಕ್ಕ ಗೋಡೆಗೆ ಏನೂ ಆಗಿರಲಿಲ್ಲ. ವೆಂಡೆಲ್ ಅದನ್ನು ನೋಡಿದವನೇ ನೆಟ್ಟಗೆ ಪಕ್ಕದ ಮನೆಗೆ ಹೋದ.

ಆ ಗೋಡೆಗೆ ಎದುರಾಗಿರುವ ಪಕ್ಕದ ಮಹಡಿ ಮನೆ ಮಾರ್ಲಿಸ್ ಹೂಕ್‌ಸ್ಟ್ರಾಳದು. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದ ಹೆಂಗಸು. ಭಾನುವಾರ ಚರ್ಚಿನಿಂದ ಬಂದವಳೇ ಎರಡು ಮನೆಗಳ ನಡುವೆ ಇದ್ದಿಲೊಲೆ ಹೊತ್ತಿಸಿ ಸಾಸೇಜು ಸುಡುತ್ತಾಳೆ. ಹಿಮ ಬಿದ್ದರೂ ಬಿಡುವವಳಲ್ಲ.

"ನಿನ್ನ ಸಾಸೇಜು ನನ್ನ ಗೋಡೇನ ಬೇಯಿಸಿಬಿಟ್ಟಿದೆ" ಎಂದ ವೆಂಡೆಲ್.

"ಹೌದಾ? ಉಪ್ಪು ಸರಿಯಾಗಿದೆಯಾ?"

"ತಮಾಷೆ ಬೇಡ ಮಾರ್ಲಿಸ್. ಒಲೇನ ಅಲ್ಲಿಂದ ತೆಗಿ."

"ಅಲ್ವೋ, ಒಲೆ ಇರೋದು ನನ್ನ ಸೊಂಟದ ಎತ್ತರಕ್ಕೆ. ಗೋಡೆ ಸೊಟ್ಟಗಾಗಿರೋದು ನಿನ್ನ ತಲೆ ಮೇಲೆ. ಅದೂ ನನ್ನ ಒಲೆಯಿಂದ ಅಷ್ಟು ದೂರ. ಸಾಸೇಜೇನು ಹಾರಿ ಬಂದು ಬಡೀತಾ?"

ಬಾಯಲ್ಲಿ ಹೀಗಂದರೂ ಒಲೆಯನ್ನು ಗ್ಯಾರೇಜಿನ ಹಿಂದಕ್ಕೆ ತಳ್ಳಿಕೊಂಡು ಹೋದಳು. ವೆಂಡೆಲ್ ಹೊಸ ಪಟ್ಟಿ ಹಾಕಿದ. ಹತ್ತು ದಿನ ಕಳೆಯುವುದರೊಳಗೆ ಅವೂ ಅದೇ ಜಾಗದಲ್ಲಿ ಸೊಟ್ಟಗಾದವು.

ಈ ಸಲ ಅವನು ಹೆಂಡತಿ ಆರ್ಡಿಸ್ ಕಡೆ ತಿರುಗಿದ. ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿ ಇರಬೇಕು ಎಂದ.

"ಅದರ ಕೊಳವೆ ಇರೋದು ಹಿತ್ತಿಲ ಕಡೆ. ತೂತು ಕೊರೆದೋನು ನೀನೇ" ಎಂದಳು ಆರ್ಡಿಸ್. "ಇನ್ನು ನಾನೇ ಗೋಡೆಗೆ ಇಸ್ತ್ರಿ ಹಾಕ್ದೆ ಅನ್ನೋದೊಂದು ಬಾಕಿ."

ಬಿಸಿಲಿಗೇನಾದರೂ ಹೀಗಾಯಿತೇ ಎಂದು ನಾನು ಬಾಯಿ ಹಾಕಿದೆ. ವೆಂಡೆಲ್ ಕನಿಕರದಿಂದ ನನ್ನ ಮುಖ ನೋಡಿದ.

"ಉತ್ತರದ ಗೋಡೆಗೆ, ಅಕ್ಟೋಬರಲ್ಲಿ, ಬಿಸಿಲು! ನೀನು ಹೋಗಿ ಕಾಗದ ಹಂಚು ಮಾರಾಯ."

ಆದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಊರಿನವರ ಗೋಡೆ ಕಾಯ್ದವನಿಗೆ ತನ್ನ ಗೋಡೆಯ ರೋಗ ತಿಳಿಯುತ್ತಿಲ್ಲವಲ್ಲ ಎಂಬ ಸಂಕಟ. ಕೊನೆಗೆ ಆರ್ಡಿಸ್ಸೇ, "ಊಹೆ ಮಾಡಿದ್ದು ಸಾಕು, ಹೋಗಿ ಕೂತ್ಕೊಂಡು ನೋಡು" ಎಂದು ಮಡಚುವ ಕುರ್ಚಿ, ಕಂಬಳಿ, ಒಂದು ಫ್ಲಾಸ್ಕ್ ಕಾಫಿ ಕೊಟ್ಟು ಹೊರಗೆ ಕಳಿಸಿದಳು.

ಮೊದಲ ದಿನ ಮೋಡ. ಗೋಡೆ ಸುಮ್ಮನಿತ್ತು, ವೆಂಡೆಲ್‌ಗೆ ನೆಗಡಿಯಾಯಿತು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಅಂಚೆ ಕೊಡಲು ಹೋದಾಗ, ನೆರಳಿನಲ್ಲಿದ್ದ ಆ ಗೋಡೆಯ ಮೇಲೆ ಬಾಗಿಲಿನಷ್ಟಗಲದ ಬೆಳಕೊಂದು ತೆವಳಿಕೊಂಡು ಬರುತ್ತಿತ್ತು. ಅದು ಸೊಟ್ಟ ಪಟ್ಟಿಗಳ ಮೇಲೆ ಬಂದದ್ದೇ ವಿನೈಲ್ ಟಿಕ್ ಟಿಕ್ ಎಂದಿತು. ವೆಂಡೆಲ್ ಎದ್ದು ಅಂಗೈ ಇಟ್ಟ. ಕಾದ ಹೆಂಚು ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡ. ಆಮೇಲೆ ಮೆಲ್ಲಗೆ ಹಿಂತಿರುಗಿ ನೋಡಿದ.

ಮಾರ್ಲಿಸ್‌ಳ ಮಹಡಿಯ ಕಿಟಕಿ ಇನ್ನೊಂದು ಸೂರ್ಯನಂತೆ ಉರಿಯುತ್ತಿತ್ತು. ದಕ್ಷಿಣದ ಬಿಸಿಲು ವೆಂಡೆಲ್‌ನ ಸೂರಿನ ಮೇಲಿಂದ ಹಾಯ್ದು ಆ ಗಾಜಿಗೆ ಬಡಿದು, ನೇರ ಅವನ ಗೋಡೆಗೆ ವಾಪಸು ಬೀಳುತ್ತಿತ್ತು. ಬಿಸಿಲಿನ ಕಾವನ್ನು ಹೊರಗೇ ತಡೆಯುವ ಹೊಸ ನಮೂನೆಯ ಜೋಡಿ ಗಾಜು ಅದು; ಚಳಿ ಹತ್ತಿದರೆ ತುಸು ಒಳಬಾಗಿ, ಬೆಳಕನ್ನು ಭೂತಗನ್ನಡಿಯ ಹಾಗೆ ಒಂದೇ ಕಡೆ ಕೂಡಿಸುತ್ತದೆ. ಜುಲೈ ತಿಂಗಳಲ್ಲಿ, ಬೇಡ ಬೇಡ ಅಂದರೂ ಕೇಳದೆ, ಕೂಲಿಯನ್ನೂ ತೆಗೆದುಕೊಳ್ಳದೆ ಅದನ್ನು ಕೂರಿಸಿಕೊಟ್ಟವನು ವೆಂಡೆಲ್ಲೇ.

ನಮ್ಮಿಬ್ಬರನ್ನು ಕಂಡು ಮಾರ್ಲಿಸ್ ಮೆಟ್ಟಿಲಿಗೆ ಬಂದಳು. ಗೋಡೆ ನೋಡಿದಳು, ಕಿಟಕಿ ನೋಡಿದಳು, ಅವನನ್ನೂ ನೋಡಿದಳು.

"ಬಿಸಿ ಒಳಗೆ ಬರಲ್ಲ ಅಂತ ನೀನು ಅಂದಿದ್ದೆ. ಮತ್ತೆಲ್ಲಿಗೆ ಹೋಗತ್ತೆ ಅಂತ ನಾನು ಕೇಳಲಿಲ್ಲ. ನಂದೇ ತಪ್ಪು ಬಿಡು."

ವೆಂಡೆಲ್‌ನ ಕಿವಿ ಕೆಂಪಾದವು. ಕುರ್ಚಿ ಮಡಚಿಕೊಂಡು ಒಳಗೆ ಹೋದ.

ಮರುದಿನ ಏಣಿ ಹಾಕಿ, ಆ ಕಿಟಕಿಯ ಹೊರಮೈಗೆ ಸೊಳ್ಳೆಬಲೆಯ ಚೌಕಟ್ಟು ಕೂರಿಸಿದ. ಬಲೆ ಬಿದ್ದರೆ ಗಾಜಿನ ಬೆಳಕು ಚದುರುತ್ತದೆ, ಒಂದೇ ಕಡೆ ಸುಡುವುದಿಲ್ಲ. ಕೆಲಸ ಮುಗಿಸಿ ಏಣಿಯ ಮೇಲೆಯೇ ಗೊಣಗಿದ.

"ಮಾರ್ಲಿಸ್, ಆವತ್ತು ಆ ಸಾಸೇಜಿನ ಮಾತು... ತಪ್ಪಾಯ್ತು."

"ಕೇಳಿಸಲಿಲ್ಲ. ಬಸ್ಸು ಓಡಿಸಿ ಓಡಿಸಿ ಕಿವಿ ಮಂದವಾಗಿದೆ."

"ತಪ್ಪಾಯ್ತು ಅಂದೆ!"

ಇಡೀ ಬೀದಿಗೆ ಕೇಳಿಸಿತು. ನಾಲ್ಕು ಮನೆ ಆಚೆಗಿದ್ದ ನನಗೂ.

ಮೂರನೆಯ ಸಲ ಹಾಕಿದ ಪಟ್ಟಿಗಳು ಚಳಿಗಾಲವಿಡೀ ನೆಟ್ಟಗೇ ನಿಂತವು. ಆದರೆ ವೆಂಡೆಲ್‌ಗೆ ಇನ್ನೊಂದು ಚಿಂತೆ ಹತ್ತಿಕೊಂಡಿತ್ತು: ಅಂಥ ಗಾಜನ್ನು ತಾನು ಇನ್ನೂ ಒಂಬತ್ತು ಮನೆಗಳಿಗೆ ಹಾಕಿದ್ದೆನಲ್ಲ! ಒಂದೊಂದಾಗಿ ಎಲ್ಲ ಮನೆಗೂ ಹೋಗಿ ಎದುರಿನ ಗೋಡೆ ಮುಟ್ಟಿ ನೋಡಿದ. ಎರಡು ಕಡೆ ಪಟ್ಟಿ ಆಗಲೇ ಬಾಗತೊಡಗಿತ್ತು. ಅಲ್ಲೂ ಬಲೆ ಹಾಕಿ, ಗೋಡೆ ಸರಿಮಾಡಿಕೊಟ್ಟ.

"ಹಾಗಾದ್ರೆ ಇದು ಯಾರ ತಪ್ಪು?" ಎಂದು ಒಬ್ಬ ಮನೆಯಾಕೆ ಕೇಳಿದಳಂತೆ.

"ಬಿಸಿಲಿಂದು" ಎಂದನಂತೆ ವೆಂಡೆಲ್.