ಗಂಗಮ್ಮನ ಗುಡಿ ಮತ್ತು ಐದು ಗಂಟೆಯ ನೀರು

ನಸುಕಿನ ಐದು ಗಂಟೆ. ಅತ್ತಿಬೆಲೆಯ ಕಾರ್ಖಾನೆಗಳ ಹಿಂದಿನ ಬಡಾವಣೆಯಲ್ಲಿ ನೀರುಗಂಟಿ ವೆಂಕಟಪ್ಪ ಮಂಡಿಯೂರಿ ಕೂತು ವಾಲ್ವ್ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೀ ಇಳಿಸುತ್ತಾರೆ. ಹನ್ನೆರಡು ಸುತ್ತು ತಿರುಗಿಸಿದರೆ ಬೀದಿಯ ನಲ್ಲಿಗಳಿಗೆಲ್ಲ ಜೀವ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ದಿನಕ್ಕೆ ಹದಿನಾಲ್ಕು ವಾಲ್ವ್, ಆರುನೂರು ಮನೆ. ನೀರು ಬಂದಾಗ ಯಾರಿಗೂ ಇವರ ನೆನಪಾಗುವುದಿಲ್ಲ, ಬಾರದಿದ್ದರೆ ಫೋನು ಸುಮ್ಮನಿರುವುದಿಲ್ಲ.

ಇಂಥವರನ್ನು ಜನ ಅಟ್ಟಿಸಿಕೊಂಡು ಹೋದದ್ದು ಕಳೆದ ಬೇಸಿಗೆಯಲ್ಲಿ. ಬೀದಿ ತಿರುವಿನ ಗಂಗಮ್ಮನ ಗುಡಿಯ ಗೋಡೆಯಲ್ಲಿ ದಿನಾ ಐದಕ್ಕೆ ಸರಿಯಾಗಿ ನೀರು ಜಿನುಗುತ್ತಿತ್ತು, ಆರೂವರೆಗೆ ನಿಲ್ಲುತ್ತಿತ್ತು. ತಾಯಿಯೇ ಬ್ರಾಹ್ಮೀ ಮುಹೂರ್ತದಲ್ಲಿ ತೀರ್ಥ ಕೊಡುತ್ತಿದ್ದಾಳೆಂದು ಜನ ಬಾಟಲಿ ಹಿಡಿದು ನಿಂತರು. ವೆಂಕಟಪ್ಪನವರಿಗೆ ಮಾತ್ರ ಅನುಮಾನ. ಐದಕ್ಕೆ ವಾಲ್ವ್ ಬಿಡುವವರೂ ಆರೂವರೆಗೆ ಕಟ್ಟುವವರೂ ಅವರೇ ತಾನೆ! ಹೋಗಿ ನೋಡಿದರೆ, ಗುಡಿಯ ಹಿಂದೆ ನೆಲದಡಿ ಒಡೆದ ಪೈಪಿನ ನೀರು ಚರಂಡಿಯ ಕೊಚ್ಚೆಯೊಂದಿಗೆ ಬೆರೆತು ಗೋಡೆಯ ಬಿರುಕಿಗೆ ನುಗ್ಗುತ್ತಿತ್ತು. ಆ ವಾರ ನಾಲ್ಕು ಮಕ್ಕಳಿಗೆ ವಾಂತಿಭೇದಿ.

"ನಂಗೂ ಗಂಗಮ್ಮನೇ ಮನೆದೇವ್ರು ಸಾರ್. ಅವಳ ಎಸ್ರಲ್ಲಿ ಮಕ್ಳಿಗೆ ಚರಂಡಿ ನೀರು ಕುಡಿಸ್ತಾವ್ರಲ್ಲ ಅಂತ ತಡ್ಕಳಕ್ಕಾಗ್ಲಿಲ್ಲ" ಎನ್ನುತ್ತಾರೆ.

ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. "ನಾಳೆ ಏಳಕ್ಕೆ ನೀರು ಬಿಡ್ತೀನಿ, ನೋಡ್ಕಳಿ" ಎಂದರು. ಮರುದಿನ ಐದಕ್ಕೆ ಗೋಡೆ ಒಣಗಿತ್ತು, ಏಳಕ್ಕೆ ಒದ್ದೆಯಾಯಿತು. ಜನ ಒಪ್ಪಿದರೆಂದುಕೊಂಡಿರಾ? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ತಾಯಿಯನ್ನೇ ಕಟ್ಟಿಹಾಕಿದನೆಂದು ಕಲ್ಲು ತೂರಿದರು. ಎಡಹುಬ್ಬಿಗೆ ಆರು ಹೊಲಿಗೆ ಬಿತ್ತು. ಭಕ್ತರ ಮನಸ್ಸು ನೋಯಿಸಿದನೆಂದು ಠಾಣೆಗೆ ದೂರು ಹೋಯಿತು. ಅದು ಇನ್ನೂ ಅಲ್ಲೇ ಇದೆ. ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಇವರನ್ನು ಎರಡು ತಿಂಗಳು ಕೆಲಸದಿಂದ ನಿಲ್ಲಿಸಿದ.

"ನಿನ್ ಕೈ ಸೇದೋಗ ಅಂತ ಮೊದ್ಲು ಶಾಪ ಹಾಕ್ದೋಳು ನಾನೇ" ಎನ್ನುತ್ತಾರೆ ಗುಡಿ ಮುಂದೆ ಹೂ ಮಾರುವ ಪಿಳ್ಳಮ್ಮ. ಅದೇ ವಾರ ಅವರ ಮೊಮ್ಮಗಳು ವೇಣಿಗೆ ಮೂರು ದಿನ ಡ್ರಿಪ್ ಹಾಕಬೇಕಾಯಿತು. ಯಾವ ನೀರು ಕುಡಿಸಿದಿರಿ ಎಂದು ಡಾಕ್ಟರು ಕೇಳಿದಾಗ ಅಜ್ಜಿಗೆ ವೆಂಕಟಪ್ಪನ ಮಾತು ನೆನಪಾಯಿತು. ಆಸ್ಪತ್ರೆಯಿಂದ ಬಂದವರೇ ಹಾರೆ ಹಿಡಿದು ಚರಂಡಿ ಪಕ್ಕ ಅಗೆಯಲು ನಿಂತರು. ಒಡೆದ ಪೈಪು ಎಲ್ಲರ ಕಣ್ಣಿಗೂ ಬಿತ್ತು. ವೆಂಕಟಪ್ಪನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಅರ್ಜಿಗೆ ಮೊದಲ ಹೆಬ್ಬೆಟ್ಟು ಪಿಳ್ಳಮ್ಮನದು.

ಈಗ ದಿನಾ ವಾಲ್ವ್ ಗುಂಡಿಯ ಹತ್ತಿರ ವೆಂಕಟಪ್ಪನಿಗಾಗಿ ಪಿಳ್ಳಮ್ಮನ ಕಾಫಿ ಲೋಟ ಕಾದಿರುತ್ತದೆ. "ಬೈದ ಬಾಯಲ್ಲೇ ಯೋಳ್ತೀನಿ, ನನ್ ಕೂಸು ಉಳ್ದಿದ್ದು ಇವನಿಂದ." ವೆಂಕಟಪ್ಪ ನಾಚಿ ತಲೆ ತಗ್ಗಿಸುತ್ತಾರೆ. ಆ ಹುಬ್ಬಿನ ಗಾಯಕ್ಕೆ ಕೈ ಮುಗಿಯಬೇಕೆಂದು ನನಗನ್ನಿಸುತ್ತದೆ.

ಮತ್ತೆ ಇಂಥದ್ದು ಕಂಡರೆ ಬಾಯಿ ಬಿಡುತ್ತೀರಾ ಎಂದು ಕೇಳಿದೆ. ಅವರು ಕೀ ಹೆಗಲಿಗೇರಿಸಿ, ಎಡಹುಬ್ಬಿನ ಹೊಲಿಗೆಯ ಗುರುತು ಸವರಿಕೊಂಡು ನಕ್ಕರು.

"ಇನ್ನೊಂದು ಉಬ್ಬು ಐತಲ್ಲ ಸಾರ್."